ವಾರದ ಚೀಟಿ, ವರ್ಷದ ಡಬ್ಬ

ನಮ್ಮ ಮನೆಯ ವಾರದ ಸಾಮಾನಿನ ಖರ್ಚು ಈಗ 1,500 ರೂಪಾಯಿಯ ಆಸುಪಾಸಿನಲ್ಲಿ ನಿಂತಿದೆ. ಹಾಲು, ತರಕಾರಿ, ಮೀನು, ಮೊಟ್ಟೆ, ಕಾಫಿಪುಡಿ, ಸೋಪು ಎಲ್ಲಾ ಸೇರಿ. ಐದು ಜನರ ಸಂಸಾರ. ನಾನು, ಹೆಂಡತಿ, ನಮ್ಮಮ್ಮ, ಪಿಯುಸಿ ಓದುವ ಮಗ, ಏಳನೇ ಕ್ಲಾಸಿನ ಮಗಳು. ಈ ಲೆಕ್ಕ ಹೇಳಿದರೆ ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಯಾರೂ ನಂಬುವುದಿಲ್ಲ. "ಹಂಗಾದ್ರೆ ಊಟ ಮಾಡ್ತೀರೋ, ಗಾಳಿ ಕುಡೀತೀರೋ?" ಅಂತ ಕೇಳುತ್ತಾರೆ.

ಅವರು ನಂಬದೇ ಇರುವುದಕ್ಕೂ ಕಾರಣ ಇದೆ. 1,500 ಅನ್ನುವುದು ಪೂರ್ತಿ ಲೆಕ್ಕ ಅಲ್ಲ. ಪ್ರತಿ ಶನಿವಾರ ಇನ್ನೊಂದು 600 ರೂಪಾಯಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಹಳೇ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ ಎಲ್ಲಾ ಬರುವುದು ಆ ಡಬ್ಬದ ದುಡ್ಡಿನಲ್ಲಿ. ಎರಡೂ ಸೇರಿದರೆ 2,100. ವಾರಕ್ಕೆ ಐನೂರು ರೂಪಾಯಿಯಲ್ಲಿ ಸಂಸಾರ ಮಾಡುವುದು ಹೇಗೆ ಅಂತ ವಿಡಿಯೋ ಮಾಡುವವರು ಮೂಲೆಯಲ್ಲಿ ನಿಂತಿರುವ ಅಕ್ಕಿ ಮೂಟೆಯನ್ನು ಮಾತ್ರ ತೋರಿಸುವುದಿಲ್ಲ, ಗಮನಿಸಿ. ಅದಕ್ಕೇ ನಾನು ಮೊದಲೇ ಹೇಳಿಬಿಟ್ಟೆ. ಹಿಂದೆ ಇದೇ ಮನೆಗೆ ವಾರಕ್ಕೆ ಮೂರು ಸಾವಿರ ಸಾಲುತ್ತಿರಲಿಲ್ಲ.

ಈ ಡಬ್ಬದ ಬುದ್ಧಿ ನಂದಲ್ಲ, ಅಮ್ಮನದ್ದು. ಅವರದ್ದು ತೀರ್ಥಹಳ್ಳಿ ಕಡೆ ಹಳ್ಳಿ. ಅವರು ಚಿಕ್ಕವರಿದ್ದಾಗ ಮೃಗಶಿರಾ ಮಳೆ ಹಿಡಿಯುವುದರೊಳಗೆ ಮನೆಗೆ ಬರಬೇಕಾದ್ದೆಲ್ಲ ಬಂದಿರಬೇಕಿತ್ತು. ಆರಿದ್ರಾ ಶುರುವಾಯಿತು ಅಂದರೆ ಹಳ್ಳ ತುಂಬುತ್ತಿತ್ತು, ಪೇಟೆಗೆ ಹೋಗುವ ಹಾದಿಯೇ ಇರುತ್ತಿರಲಿಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ ಹೋಗಿ ಬರುವುದು ಗಂಡಸರಿಗೂ ಕಷ್ಟ. ಹಾಗಾಗಿ ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಂದೊಂದೇ ಸಾಮಾನು ಬಂದು, ಬಿಸಿಲು ಕಂಡು, ಒಲೆ ಮೇಲಿನ ಅಟ್ಟ ಸೇರುತ್ತಿತ್ತು. ಮಳೆಗಾಲದಲ್ಲಿ ಯಾರಾದರೂ ಪೇಟೆಗೆ ಹೋದರೆ ತರುತ್ತಿದ್ದದ್ದು ಸೀಮೆಎಣ್ಣೆ, ಸಕ್ಕರೆ, ಅಜ್ಜನ ಹೊಗೆಸೊಪ್ಪು. ಅಷ್ಟೇ.

ಶಿವಮೊಗ್ಗದಲ್ಲಿ ನಮಗೆ ಯಾವ ಹಳ್ಳವೂ ಅಡ್ಡ ಇಲ್ಲ. ರಸ್ತೆ ತಿರುವಿನಲ್ಲೇ ಅಂಗಡಿ. ಫೋನ್ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ನನ್ನ ಪ್ರಕಾರ ದುಡ್ಡು ಸೋರುವುದು ಅಲ್ಲೇ. ಯಾವಾಗ ಬೇಕಾದರೂ ಸಿಗುತ್ತದೆ ಅಂತ ಎಲ್ಲವನ್ನೂ ನೂರು ಗ್ರಾಂ, ಕಾಲು ಕೆ.ಜಿ. ಲೆಕ್ಕದಲ್ಲಿ, ಅದೂ ರೇಟು ಏರಿರುವ ತಿಂಗಳಲ್ಲಿ ತರುತ್ತೇವೆ. ಬೆಳ್ಳುಳ್ಳಿಯನ್ನೇ ನೋಡಿ. 2024ರ ಫೆಬ್ರವರಿ ಹೊತ್ತಿಗೆ ಕೆ.ಜಿ.ಗೆ ನಾನೂರು ದಾಟಿತ್ತು. ಹೊಸ ಬೆಳೆ ಮಾರುಕಟ್ಟೆಗೆ ಬಂದ ಮೇಲೆ ಇಳಿಯಿತು. ಆ ಇಳಿದ ಹೊತ್ತಿನಲ್ಲಿ ಐದಾರು ಕೆ.ಜಿ. ತಂದು, ಜುಟ್ಟು ಹೆಣೆದು ನೇತು ಹಾಕಿದವರಿಗೆ ಮಳೆಗಾಲದಲ್ಲಿ ಬೆಳ್ಳುಳ್ಳಿ ಚಿಂತೆ ಇರಲಿಲ್ಲ.

ಈಗ ನಮ್ಮ ವರ್ಷ ಹೀಗೆ ನಡೆಯುತ್ತದೆ. ಹೊಸ ತೊಗರಿ ಬರುವುದು ಡಿಸೆಂಬರ್-ಜನವರಿಯಲ್ಲಿ. ಅದು ಬೇಳೆಯಾಗಿ ಅಂಗಡಿಗೆ ಬಂದು, ದರ ಸ್ವಲ್ಪ ತಣ್ಣಗಾಗುವುದನ್ನು ನೋಡಿಕೊಂಡು ಫೆಬ್ರವರಿ ಕೊನೆಗೆ ಬೇಳೆ ತರುತ್ತೇನೆ. ಕಲಬುರಗಿ ಬೇಳೆ ಸಿಕ್ಕಿದರೆ ಅದೇ. ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಹುಣಸೆಹಣ್ಣು. ಬೀಜ ತೆಗೆದದ್ದಕ್ಕೂ ಬೀಜ ಇರುವುದಕ್ಕೂ ರೇಟಿನಲ್ಲಿ ಬಹಳ ಅಂತರ ಇರುತ್ತದೆ. ನಾವು ಬೀಜ ಇರುವುದನ್ನೇ ತರುತ್ತೇವೆ. ಅಮ್ಮ ಒಂದು ಮಧ್ಯಾಹ್ನ ಹಳೇ ಸೀರೆ ಹಾಸಿಕೊಂಡು ಕೂತರೆ ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಬೀಜ, ನಾರು ತೆಗೆದು, ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಭರಣಿಗೆ ಒತ್ತಿ ತುಂಬಿಟ್ಟರೆ ವರ್ಷಕ್ಕೆ ಸಾಕು. ಹೊಸ ಹುಣಸೆ ಕೆಂಪಗಿರುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪಾಗುತ್ತದೆ. ರುಚಿಗೇನೂ ಕೊರತೆ ಇಲ್ಲ.

ಮೆಣಸಿನಕಾಯಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಮನೆಯ ಸಾರಿನ ಬಣ್ಣ, ರುಚಿ ಎರಡೂ ಅದರ ಮೇಲೇ ನಿಂತಿದೆ. ಬ್ಯಾಡಗಿ ನಮಗೆ ದೂರ ಅಲ್ಲ, ಪಕ್ಕದ ಹಾವೇರಿ ಜಿಲ್ಲೆ. ಜನವರಿಯಿಂದ ಅಲ್ಲಿ ಹೊಸ ಮಾಲು ಜೋರಾಗಿ ಬರಲು ಶುರುವಾಗುತ್ತದೆ. ನಾನು ಕೊಳ್ಳುವುದು ಮಾರ್ಚ್‌ನಲ್ಲಿ, ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ. ಬ್ಯಾಡಗಿಯಲ್ಲಿ ಡಬ್ಬಿ ಅಂತ ಒಂದು, ಕಡ್ಡಿ ಅಂತ ಒಂದು. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಜಾಸ್ತಿ, ಬೆಲೆಯೂ ಜಾಸ್ತಿ. ಕಡ್ಡಿ ಉದ್ದ, ಸುಕ್ಕು ಸುಕ್ಕು, ಸ್ವಲ್ಪ ಅಗ್ಗ. ದಿನದ ಸಾರಿಗೆ ಕಡ್ಡಿ ಧಾರಾಳ ಸಾಕು. ಬ್ಯಾಡಗಿಗೆ ಖಾರ ಕಡಿಮೆ, ಅದಕ್ಕೇ ನಾಲ್ಕು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಸೇರಿಸುತ್ತೇವೆ.

ಆರಿಸುವುದು ಹೀಗೆ. ಮೂಟೆ ಮೇಲಿನ ಕಾಯಿ ಮುಟ್ಟಬೇಡಿ, ಕೈ ಒಳಗೆ ಹಾಕಿ ನಡುವಿನಿಂದ ಒಂದು ಹಿಡಿ ತೆಗೆಯಿರಿ. ಒಂದು ಕಾಯಿ ಕಿವಿ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಗ್ಗಿಯೂ ಮುರಿಯದೆ ಹಾಗೇ ಇದ್ದರೆ ಒಳಗೆ ತೇವ ಇದೆ ಅಂತ ಅರ್ಥ. ತೇವದ ಕಾಯಿಗೆ ನೀವು ಮೆಣಸಿನಕಾಯಿ ರೇಟಿನಲ್ಲಿ ನೀರನ್ನೂ ಕೊಂಡ ಹಾಗೆ. ತೊಟ್ಟಿನ ಬುಡ ನೋಡಿ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಬಣ್ಣ ತುಂಬಾ ಮಂಕಾಗಿದ್ದು ಬೆಲೆ ಕಡಿಮೆ ಹೇಳಿದರೆ ಅದು ಹೋದ ವರ್ಷದ ಕೋಲ್ಡ್ ಸ್ಟೋರೇಜ್ ಮಾಲು ಇರಬಹುದು. ಅದೇನೂ ವಿಷ ಅಲ್ಲ, ಆದರೆ ಇನ್ನೊಂದು ವರ್ಷ ಇಡುವುದಕ್ಕೆ ಆಗದು.

ತಂದ ಕಾಯಿಯನ್ನು ತೊಟ್ಟು ಮುರಿದು ತಾರಸಿ ಮೇಲೆ ಒಣಗಿಸುತ್ತೇವೆ. ಆಮೇಲೆ ಪೂರ್ತಿ ಒಟ್ಟಿಗೆ ಪುಡಿ ಮಾಡಿಸುವುದಿಲ್ಲ. ಮೂರು ತಿಂಗಳಿಗೆ ಆಗುವಷ್ಟು ಮಾತ್ರ ಗಿರಣಿಗೆ ಹೋಗುತ್ತದೆ. ಇಡೀ ಕಾಯಿ ಕೆಡುವುದಕ್ಕಿಂತ ಬೇಗ ಪುಡಿ ಘಮ ಕಳೆದುಕೊಳ್ಳುತ್ತದೆ. ಗಿರಣಿ ಖರ್ಚು, ತೊಟ್ಟಿನ ತೂಕ ಎಲ್ಲಾ ಕಳೆದರೂ ಪೊಟ್ಟಣದ ಖಾರದಪುಡಿಗಿಂತ ಕೆ.ಜಿ.ಗೆ ನೂರು, ನೂರೈವತ್ತು ಉಳಿಯುತ್ತದೆ. ಒಳಗೇನಿದೆ ಅಂತಲೂ ನಮಗೆ ಗೊತ್ತಿರುತ್ತದೆ.

ಇಷ್ಟು ಹೇಳಿದ ಮೇಲೆ ಮಲೆನಾಡಿನವರು ಕೇಳುವ ಪ್ರಶ್ನೆ ಒಂದೇ. "ಮಳೆಗಾಲದಲ್ಲಿ ಇಡೋದು ಹೆಂಗೆ ಮಾರಾಯ್ರೇ?" ಬೆಂಗಳೂರಿನಲ್ಲಿ ಕೂತು ಒಟ್ಟಿಗೆ ತಂದಿಡಿ ಅಂತ ಹೇಳುವುದು ಸುಲಭ. ಇಲ್ಲಿ ಜುಲೈನಲ್ಲಿ ಬಾಗಿಲ ಚೌಕಟ್ಟೇ ಉಬ್ಬಿ ಮುಚ್ಚಲು ಬರುವುದಿಲ್ಲ. ಉಪ್ಪಿನ ಡಬ್ಬದಲ್ಲಿ ನೀರು ನಿಲ್ಲುತ್ತದೆ. ಹಳ್ಳಿ ಮನೆಯಲ್ಲಿ ಒಲೆಯ ಹೊಗೆ ಇತ್ತು, ಅಟ್ಟ ಬೆಚ್ಚಗಿರುತ್ತಿತ್ತು. ವಿನೋಬನಗರದ ಬಾಡಿಗೆ ಮನೆಯಲ್ಲಿ ಹೊಗೆ ಎಲ್ಲಿಂದ ತರುವುದು?

ನಾವು ಮಾಡುವುದು ಹೇಳುತ್ತೇನೆ. ಮೇ ತಿಂಗಳ ಬಿಸಿಲಿನಲ್ಲಿ ಬೇಳೆ, ಮೆಣಸಿನಕಾಯಿ, ಕೊತ್ತಂಬರಿ ಬೀಜ ಎಲ್ಲವನ್ನೂ ಇನ್ನೊಮ್ಮೆ ಹೊರಗೆ ಹಾಕುತ್ತೇವೆ. ಸಂಜೆ ಒಳಗೆ ತಂದ ತಕ್ಷಣ ಡಬ್ಬಕ್ಕೆ ತುಂಬಬಾರದು. ಕಾಳು ಬಿಸಿ ಇದ್ದಾಗಲೇ ಮುಚ್ಚಳ ಹಾಕಿದರೆ ಒಳಗೇ ಬೆವರು ಕಟ್ಟುತ್ತದೆ, ಹದಿನೈದು ದಿನಕ್ಕೆ ಬೂಷ್ಟು. ರಾತ್ರಿ ಬಟ್ಟೆ ಮುಚ್ಚಿ ಆರಲು ಬಿಟ್ಟು ಬೆಳಿಗ್ಗೆ ತುಂಬಬೇಕು. ತೊಗರಿಬೇಳೆಗೆ ಕೆ.ಜಿ.ಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ ಬಿಸಿಲಿಗೆ ಹಾಕಿದರೆ ಹುಳ ಹತ್ತಿರ ಬರುವುದಿಲ್ಲ. ಅಡುಗೆ ಮಾಡುವಾಗ ಬಿಸಿನೀರಿನಲ್ಲಿ ತೊಳೆದರಾಯಿತು. ಇನ್ನೊಂದು ಮುಖ್ಯ ವಿಷಯ, ದೊಡ್ಡ ಡಬ್ಬವನ್ನು ದಿನಾ ತೆಗೆಯಬಾರದು. ದಿನದ ಬಳಕೆಗೆ ಸಣ್ಣ ಡಬ್ಬ ಬೇರೆ. ದೊಡ್ಡದನ್ನು ತಿಂಗಳಿಗೆ ಒಮ್ಮೆ, ಮಳೆ ಬಿಟ್ಟ ದಿನ ನೋಡಿ, ಒಣ ಕೈಯಲ್ಲಿ ತೆಗೆಯುವುದು. ಈ ಕಾನೂನನ್ನು ನನ್ನ ಹೆಂಡತಿ ಮುರಿದರೂ ಅಮ್ಮ ಸುಮ್ಮನಿರುವುದಿಲ್ಲ, ನಾನು ಮುರಿದರೂ ಸುಮ್ಮನಿರುವುದಿಲ್ಲ.

ಈರುಳ್ಳಿಯನ್ನು ಮಾತ್ರ ವರ್ಷಕ್ಕೆ ಇಡುವ ಆಸೆ ನಮ್ಮ ಕಡೆಯವರಿಗೆ ಬೇಡ. ಬೇಸಿಗೆಯಲ್ಲಿ ಬರುವ ಹಿಂಗಾರಿನ ಈರುಳ್ಳಿ ಬಾಳಿಕೆ ಬರುತ್ತದೆ, ನಿಜ. ಮುಂಗಾರಿನದ್ದು ನೀರು ಜಾಸ್ತಿ, ಇಟ್ಟರೆ ಕೊಳೆಯುತ್ತದೆ. ಆದರೆ ಶಿವಮೊಗ್ಗದ ಮಳೆಗೆ ಹಿಂಗಾರಿನದ್ದೂ ಆಗಸ್ಟ್ ದಾಟುವುದು ಕಷ್ಟ. ಹದಿನೈದು ಕೆ.ಜಿ. ತಂದು, ಮಂಚದ ಕೆಳಗೆ ಗೋಣಿಚೀಲದ ಮೇಲೆ ಹರಡಿ, ಆಲೂಗಡ್ಡೆಯಿಂದ ದೂರ ಇಡುತ್ತೇವೆ. ಅಷ್ಟರಲ್ಲಿ ಮುಗಿಸಿಬಿಡುತ್ತೇವೆ.

ಅಕ್ಕಿ ನಮ್ಮಲ್ಲಿ ಎರಡು ಥರ. ಊಟಕ್ಕೆ ಸೋನಾ ಮಸೂರಿ. ರೊಟ್ಟಿ, ಕಡುಬು, ದೋಸೆಗೆ ದಪ್ಪಕ್ಕಿ. ಸೋನಾ ಮಸೂರಿ ನೆನೆಹಾಕಿ ದೋಸೆ ಮಾಡುವ ಮನೆಗಳನ್ನು ನೋಡಿದ್ದೇನೆ, ಅದು ಸುಮ್ನೆ ದುಡ್ಡು ರುಬ್ಬುವ ಕೆಲಸ. ದಪ್ಪಕ್ಕಿಯಲ್ಲೇ ದೋಸೆ ಗರಿಯಾಗುತ್ತದೆ. ರೊಟ್ಟಿಯಂತೂ ಅದರಲ್ಲೇ ಆಗಬೇಕು. ಬಿಪಿಎಲ್ ಕಾರ್ಡು ಇರುವ ಕೆಲವರು ಅನ್ನಭಾಗ್ಯದ ಅಕ್ಕಿಯನ್ನು ಕೆ.ಜಿ.ಗೆ ಇಷ್ಟು ಅಂತ ಪುಡಿಗಾಸಿಗೆ ಮಾರುತ್ತಾರೆ. ಅದು ಕಾನೂನಿಗೂ ತಪ್ಪು, ಲೆಕ್ಕಕ್ಕೂ ತಪ್ಪು. ಅದೇ ಅಕ್ಕಿಯನ್ನು ತೊಳೆದು ಒಣಗಿಸಿ ಗಿರಣಿಗೆ ಹಾಕಿಸಿದರೆ ತಿಂಗಳ ಬೆಳಗಿನ ತಿಂಡಿ ಅರ್ಧ ಮುಗಿಯಿತು. ನಮ್ಮದು ಎಪಿಎಲ್ ಕಾರ್ಡು, ಅದಕ್ಕೇ ಬೇರೆಯವರ ಅಕ್ಕಿ ಬಗ್ಗೆ ಇಷ್ಟು ಹೊಟ್ಟೆಉರಿ ಅಂತ ಹೆಂಡತಿ ನಗುತ್ತಾಳೆ. ಇರಬಹುದು.

ಅಕ್ಕಿ ಮೂಟೆ 26 ಕೆ.ಜಿ. ಯಾಕೆ ಅಂತ ಯೋಚಿಸಿದ್ದೀರಾ? ಮೊದಲು 25 ಇರುತ್ತಿತ್ತು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಆದರೆ ಅದು 25 ಕೆ.ಜಿ.ವರೆಗಿನ ಪ್ಯಾಕಿಗೆ ಮಾತ್ರ. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ, ತೂಗಿ ಕೊಡುವ ಬಿಡಿ ಸಾಮಾನಿಗೂ ಇಲ್ಲ. ಮಿಲ್ಲಿನವರು ಒಂದು ಕೆ.ಜಿ. ಜಾಸ್ತಿ ತುಂಬಿ ಮೂಟೆ ಹೊಲಿದರು. ಅಂದರೆ ಐದು ಕೆ.ಜಿ. ಚಂದದ ಪ್ಯಾಕೆಟ್ ತರುವವರು ತೆರಿಗೆ ಕಟ್ಟುತ್ತಿದ್ದಾರೆ, ಮೂಟೆ ತರುವವರು ಕಟ್ಟುತ್ತಿಲ್ಲ. ಒಟ್ಟಿಗೆ ಮೂಟೆಗೆ ದುಡ್ಡು ಹಾಕಲು ಆಗದವರು ಬಿಡಿ ಅಕ್ಕಿ ತೂಗಿಸಿಕೊಂಡರೂ ಅಷ್ಟೇ ಲಾಭ. ಪಕ್ಕದ ಮನೆಯವರ ಜೊತೆ ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳುವುದೂ ಉಂಟು. ನಾವು ಮೊದಮೊದಲು ಹಾಗೇ ಮಾಡಿದ್ದು.

ಹೀಗೆ ವರ್ಷದ್ದು ಮನೆಯೊಳಗೆ ಕೂತಿದ್ದರೆ ವಾರದ ಸಾಮಾನಿನ ಚೀಟಿಯಲ್ಲಿ ಉಳಿಯುವುದು ಬಹಳ ಕಡಿಮೆ. ಮುಖ್ಯವಾಗಿ ತರಕಾರಿ. ಇಲ್ಲಿ ನನ್ನದು ಒಂದೇ ನಿಯಮ. ಮನೆಯಲ್ಲಿ ಕೂತು ಏನು ಅಡುಗೆ ಅಂತ ತೀರ್ಮಾನ ಮಾಡಿ ಮಾರುಕಟ್ಟೆಗೆ ಹೋಗಬಾರದು. ಮಾರುಕಟ್ಟೆಯಲ್ಲಿ ಏನು ಅಗ್ಗ ಇದೆಯೋ ಅದನ್ನು ತಂದು ಅಮ್ಮನ ಮುಂದೆ ಇಡಬೇಕು. ಬೀನ್ಸ್ ನೂರು ದಾಟಿದ ವಾರ ಬೀನ್ಸ್ ಪಲ್ಯ ತಿನ್ನಲೇಬೇಕು ಅಂತ ಯಾವ ಡಾಕ್ಟರೂ ಹೇಳಿಲ್ಲ. ಆ ವಾರ ಹರಿವೆ ಸೊಪ್ಪು ಅಗ್ಗ ಇರುತ್ತದೆ, ಇಲ್ಲವೇ ಸೀಮೆಬದನೆ, ಇಲ್ಲವೇ ಮೊಗೆಕಾಯಿ.

ನಾನು ಪ್ರೆಸ್ಸಿನಿಂದ ಬಿಟ್ಟ ಮೇಲೆ, ಸಂಜೆ ಏಳೂವರೆ ಹೊತ್ತಿಗೆ ಗಾಂಧಿ ಬಜಾರಿನ ಕಡೆ ಹೋಗುತ್ತೇನೆ. ಹಳ್ಳಿಯಿಂದ ಸೊಪ್ಪು ತಂದು ನೆಲದ ಮೇಲೆ ಹಾಸಿಕೊಂಡು ಕೂತವರಿಗೆ ಕೊನೇ ಬಸ್ಸಿನ ಚಿಂತೆ ಇರುತ್ತದೆ. ಬೆಳಿಗ್ಗೆ ಇಪ್ಪತ್ತಕ್ಕೆ ಎರಡು ಕಟ್ಟು ಅಂದವರು ಆ ಹೊತ್ತಿಗೆ ಮೂರು ಕೊಡುತ್ತಾರೆ. ಬದನೆ, ಟೊಮೆಟೊ ತೂಗುವುದು ಬಿಟ್ಟು ಗುಡ್ಡೆ ಹಾಕಿರುತ್ತಾರೆ. ಗುಡ್ಡೆ ಕೊಳ್ಳುವಾಗ ಕೆಳಗಿನದ್ದನ್ನು ನೋಡಿ ಕೊಳ್ಳಿ, ಅಷ್ಟೇ. ಇನ್ನೂ ಚೌಕಾಸಿ ಮಾಡಬೇಡಿ. ಸಂಜೆವರೆಗೆ ಕೂತ ಅಜ್ಜಿಯ ಹತ್ತಿರ ಎರಡು ರೂಪಾಯಿ ಕಿತ್ತು ಮನೆ ಖರ್ಚು ಇಳಿಸಿದೆ ಅಂತ ಹೇಳಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ನಮ್ಮ ಪ್ರೆಸ್ಸಿನ ಕೆಲವರು ಸಾಗರ ರಸ್ತೆಯ ಎಪಿಎಂಸಿಗೆ ಬೆಳ್ಳಂಬೆಳಿಗ್ಗೆ ಹೋಗಿ ಚೀಲಗಟ್ಟಲೆ ತರುತ್ತಾರೆ. ಒಂದೇ ಮನೆಗೆ ಅದು ಸರಿಹೋಗುವುದಿಲ್ಲ. ಹತ್ತು ಕೆ.ಜಿ. ಟೊಮೆಟೊ ಅಗ್ಗಕ್ಕೆ ತಂದು ನಾಲ್ಕು ಕೆ.ಜಿ. ಕೊಳೆಸಿದರೆ ಯಾವ ಲಾಭ?

ಟೊಮೆಟೊ ಅಂದ ಕೂಡಲೇ 2023ರ ಜುಲೈ ನೆನಪಾಗುತ್ತದೆ. ಕೆ.ಜಿ.ಗೆ ನೂರು ದಾಟಿ ಮೇಲೆ ಮೇಲೆ ಹೋಗುತ್ತಿತ್ತು. ಟಿ.ವಿ.ಯಲ್ಲಿ ಅದೇ ಸುದ್ದಿ. ಅಮ್ಮನಿಗೆ ಮಾತ್ರ ಆಶ್ಚರ್ಯ. "ಸಾರಿಗೆ ಟೊಮೆಟೊ ಯಾಕೆ?" ಅಂದರು. ಮಲೆನಾಡಿನ ಸಾರು ಟೊಮೆಟೊ ನಂಬಿಕೊಂಡು ಹುಟ್ಟಿದ್ದಲ್ಲ. ಹುಣಸೆಹಣ್ಣು ಇದೆ, ವಾಟೆಹುಳಿ ಇದೆ, ಮುರುಗಲ ಸಿಪ್ಪೆ ಇದೆ. ಆ ತಿಂಗಳು ಪೂರ್ತಿ ನಮ್ಮ ಮನೆಯಲ್ಲಿ ಟೊಮೆಟೊ ಇರಲಿಲ್ಲ. ಮಗಳು ಮಾತ್ರ ಟೊಮೆಟೊ ಬಾತ್ ಅಂತ ಹಟ ಮಾಡಿದಳು, ಅಮ್ಮ ಹುಳಿಯನ್ನದಲ್ಲಿ ಸಮಾಧಾನ ಮಾಡಿದರು.

ಬೇಳೆ ಖರ್ಚು ಇಳಿಸುವುದಕ್ಕೆ ಹುರುಳಿಯಷ್ಟು ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಒಂದೇ ಕಾಳು, ಎರಡು ಅಡುಗೆ. ರಾತ್ರಿ ಅರ್ಧ ಕೆ.ಜಿ. ನೆನೆಹಾಕಿ, ಬೆಳಿಗ್ಗೆ ನೀರು ಜಾಸ್ತಿ ಇಟ್ಟು ಬೇಯಿಸುತ್ತಾರೆ ಅಮ್ಮ. ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಒಡೆಯಬಾರದು. ಆ ಕಂದು ಬಣ್ಣದ ಕಟ್ಟನ್ನು ಬಸಿದು ಬೇರೆ ಪಾತ್ರೆಗೆ ಹಾಕಿ, ಹುಣಸೆಹುಳಿ, ಸಾರಿನಪುಡಿ, ಚೂರು ಬೆಲ್ಲ ಹಾಕಿ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಾರು. ಬಸಿದ ಕಾಳಿಗೆ ಈರುಳ್ಳಿ, ಹಸಿಮೆಣಸು ಹಾಕಿ ಒಗ್ಗರಣೆ ಕೊಟ್ಟರೆ ಪಲ್ಯ. ಸಾರು ಮರುದಿನ ಕುದಿಸಿದರೆ ಇನ್ನೂ ರುಚಿ. ಅಂದರೆ ಎರಡು ದಿನಕ್ಕೆ ತೊಗರಿಬೇಳೆ ಡಬ್ಬ ಮುಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ಹುರುಳಿ, ಬೇಸಿಗೆಯಲ್ಲಿ ತಂಬುಳಿ. ಹಿತ್ತಲ ಕುಂಡದಲ್ಲಿ ಒಂದೆಲಗ, ದೊಡ್ಡಪತ್ರೆ ಎರಡೂ ಇವೆ. ಒಂದು ಹಿಡಿ ಎಲೆ, ಒಂದು ಹಿಡಿ ಕಾಯಿತುರಿ, ಜೀರಿಗೆ, ಮಜ್ಜಿಗೆ. ಅದರ ಖರ್ಚು ಬರೆಯುವುದಕ್ಕೂ ಏನಿಲ್ಲ.

ಆಗಾಗ ಮಾವನ ಚೀಲವೂ ಬರುತ್ತದೆ. ಅಮ್ಮನ ತಮ್ಮ ಊರಲ್ಲೇ ಇದ್ದಾರೆ, ಸ್ವಲ್ಪ ಅಡಿಕೆ ತೋಟ ಇದೆ. ತೀರ್ಥಹಳ್ಳಿಯಿಂದ ಬರುವ ಬಸ್ಸಿಗೆ ಚೀಲ ಹಾಕಿ ಕಂಡಕ್ಟರಿಗೆ ಹೇಳಿ, ನನಗೆ ಫೋನ್ ಮಾಡುತ್ತಾರೆ. "ಹಾಕಿದೀನಿ ಕಣೋ, ಎಂಟೂವರೆಗೆ ಬರುತ್ತೆ, ಬಸ್ಟ್ಯಾಂಡಲ್ಲಿ ಇರು." ಲಗೇಜಿಗೆ ಒಂದಿಷ್ಟು ಕೊಟ್ಟು ಚೀಲ ಇಳಿಸಿಕೊಳ್ಳುತ್ತೇನೆ. ತೋಟದ ಬಾಳೆಯ ಹೂವು, ದಿಂಡು, ಏಳೆಂಟು ಮೊಗೆಕಾಯಿ, ನಾಲ್ಕೈದು ತೆಂಗಿನಕಾಯಿ. ಜುಲೈನಲ್ಲಾದರೆ ಕಳಲೆ (ಎಳೆ ಬಿದಿರು), ಕೆಸುವಿನ ಎಲೆ. ಮೇ ತಿಂಗಳಾದರೆ ಹಲಸಿನ ಬೀಜ. ಮೊಗೆಕಾಯಿ ಬಾಳೆನಾರಿನಲ್ಲಿ ಕಟ್ಟಿ ತೂಗು ಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮಲ್ಲಿ ತೊಲೆ ಇಲ್ಲ, ಕಿಟಕಿ ಸರಳಿಗೇ ಕಟ್ಟುತ್ತೇವೆ. ಕಳಲೆ ಮಾತ್ರ ಆತುರ ಮಾಡಬಾರದು. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರು ದಿನ ಆದ ಮೇಲೇ ಬೇಯಿಸಬೇಕು.

ಇದನ್ನು ಪುಕ್ಕಟೆ ಅಂತ ಬರೆದರೆ ಮಾವನಿಗೆ ಅನ್ಯಾಯ. ಖಾಲಿ ಚೀಲ ವಾಪಸ್ ಹೋಗುವುದಿಲ್ಲ. ಅವರ ಬಿಪಿ ಮಾತ್ರೆ, ಬೆಣ್ಣೆ ಬಿಸ್ಕತ್ತು, ತೋಟಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು ಹೋಗುತ್ತದೆ. ಅವರ ಮಗಳ ಮದುವೆ ಕಾರ್ಡು ನಾನೇ ಕೂತು ಮಾಡಿದ್ದು. ಆದರೂ ತೆಂಗಿನಕಾಯಿ ವಿಷಯದಲ್ಲಿ ಚೀಲ ಬಂದರೆ ದೊಡ್ಡ ಉಪಕಾರ. 2025ರಲ್ಲಿ ಕಾಯಿ ಬೆಲೆ ಏರಿದ್ದು ನೋಡಿದ ಮೇಲೆ ನಮ್ಮ ಮನೆಯಲ್ಲೂ ಕಾಯಿ ರುಬ್ಬಿ ಮಾಡುವ ಸಾರು ವಾರಕ್ಕೆ ಎರಡು ದಿನಕ್ಕೆ ಇಳಿದಿದೆ.

ಮೀನಿಗೂ ಕಾಲ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಒಟ್ಟು 61 ದಿನ. ಆಗ ಶಿವಮೊಗ್ಗಕ್ಕೆ ಬರುವ ಮೀನು ಕಡಿಮೆ, ಇರುವುದು ಐಸಿನಲ್ಲಿ ಹಳೇದು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನಾವು ಮೇ ತಿಂಗಳಲ್ಲೇ ಒಣ ಸೀಗಡಿ, ಒಣ ಬಂಗಡೆ ತಂದು ಇನ್ನೊಂದು ಬಿಸಿಲು ತೋರಿಸಿ ಇಟ್ಟಿರುತ್ತೇವೆ. ಪುನರ್ವಸು ಮಳೆ ಹೊಯ್ಯುವ ರಾತ್ರಿ ಒಣ ಸೀಗಡಿ ಚಟ್ನಿ, ಬಿಸಿ ಕಡುಬು ಇದ್ದರೆ ಹಸಿ ಮೀನು ನೆನಪೂ ಆಗುವುದಿಲ್ಲ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಕೋಳಿ ತಿನ್ನುವುದಿಲ್ಲ, ಬೆಲೆ ಇಳಿಯುತ್ತದೆ. ನಮ್ಮಲ್ಲೂ ಅಮ್ಮ ತಿನ್ನುವುದಿಲ್ಲ. ಮಕ್ಕಳು ಆ ಒಂದು ತಿಂಗಳು ಬಿಟ್ಟೂ ಬಿಡದೆ ತಿನ್ನುತ್ತಾರೆ.

ಪೊಟ್ಟಣದ ಸಾಮಾನು ಕೊಳ್ಳುವಾಗ ನನ್ನ ಕಸುಬು ಉಪಯೋಗಕ್ಕೆ ಬರುತ್ತದೆ. ಇಪ್ಪತ್ತು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಕೆಲಸ ಮಾಡಿದವನಿಗೆ ದೊಡ್ಡ ಅಕ್ಷರ ಕಣ್ಣಿಗೆ ಬೀಳುವುದಿಲ್ಲ, ಸಣ್ಣ ಅಕ್ಷರವೇ ಬೀಳುವುದು. ಎಣ್ಣೆ ಪ್ಯಾಕೆಟ್ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ತೂಕದಲ್ಲಿ 910 ಗ್ರಾಂ. ಈಗ ಅಂಗಡಿಯಲ್ಲಿ ನೋಡಲು ಅದೇ ಗಾತ್ರದ, 850, 800, 750 ಗ್ರಾಂ ಪ್ಯಾಕೆಟ್‌ಗಳೂ ಬರುತ್ತವೆ. ಹತ್ತು ರೂಪಾಯಿ ಕಡಿಮೆ ಅಂತ ಸಂತೋಷದಿಂದ ಎತ್ತಿಕೊಂಡರೆ ನೂರು ಗ್ರಾಂ ಕಡಿಮೆ ಇರುತ್ತದೆ. ಮೋಸ ಅನ್ನುವ ಹಾಗಿಲ್ಲ, ಎಲ್ಲಾ ಬರೆದಿರುತ್ತಾರೆ. ಸೀಲ್ ಮಾಡಿದ ಅಂಚಿನ ಹತ್ತಿರ, ಇರುವೆ ಗಾತ್ರದಲ್ಲಿ. ಪಕ್ಕದಲ್ಲೇ ಗ್ರಾಂಗೆ ಅಥವಾ ಮಿ.ಲೀ.ಗೆ ಎಷ್ಟು ಬೆಲೆ ಅಂತಲೂ ಮುದ್ರಿಸಿರುತ್ತಾರೆ. ಎರಡು ಪ್ಯಾಕೆಟ್ ಹೋಲಿಸುವಾಗ ನಾನು ಎಂಆರ್‌ಪಿ ನೋಡುವುದೇ ಇಲ್ಲ, ಆ ಒಂದು ಸಂಖ್ಯೆ ಮಾತ್ರ ನೋಡುತ್ತೇನೆ. ದೊಡ್ಡ ಪ್ಯಾಕು ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಟೀಪುಡಿ, ಶಾಂಪೂವಿನಲ್ಲಿ ಸಣ್ಣದೇ ಅಗ್ಗ ಬೀಳುವುದನ್ನು ನೋಡಿದ್ದೇನೆ. ಈಗ ಮಗನಿಗೂ ಈ ಚಟ ಹತ್ತಿದೆ. ಅಂಗಡಿಯಲ್ಲಿ ಅವನ ಜೊತೆ ಹೋದರೆ ಒಂದು ಗಂಟೆ.

ಹಾಲಿನಲ್ಲಿ ಕೈ ಹಿಡಿಯಲು ಹೋಗಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ದಿನಕ್ಕೆ ಮೂರು ಅರ್ಧ ಲೀಟರ್ ಪ್ಯಾಕೆಟ್ ತರುವ ನಮಗೆ ತಿಂಗಳಿಗೆ 180 ಹೆಚ್ಚಾಯಿತು. ಪ್ಯಾಕೆಟ್ ಕಡಿಮೆ ಮಾಡುವ ಮಾತು ಬಂದಾಗ ಹೆಂಡತಿ ಒಪ್ಪಲಿಲ್ಲ. ಅವಳು ನರ್ಸು, ಬೆಳೆಯುವ ಮಕ್ಕಳ ಹಾಲು ಮುಟ್ಟಬೇಡಿ ಅಂದಳು. ಮೊಸರಿನ ಪ್ಯಾಕೆಟ್ ತರುವುದು ನಿಲ್ಲಿಸಿ ಅದೇ ಹಾಲಿನಲ್ಲಿ ಹೆಪ್ಪು ಹಾಕುತ್ತಿದ್ದೇವೆ. ಮಳೆಗಾಲದಲ್ಲಿ ಮೊಸರು ಹೆಪ್ಪಾಗಲು ತಡ ಆಗುತ್ತದೆ. ರಾತ್ರಿ ಒಂದು ಒಣಮೆಣಸಿನಕಾಯಿ ತೊಟ್ಟು ಸಮೇತ ಹಾಕಿ, ಅಕ್ಕಿ ಡಬ್ಬದೊಳಗೆ ಪಾತ್ರೆ ಕೂರಿಸಿದರೆ ಬೆಳಿಗ್ಗೆ ಗಟ್ಟಿ ಮೊಸರು.

ಹಬ್ಬದ ವಾರ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಗೌರಿ-ಗಣೇಶ ಹಬ್ಬಕ್ಕೆ ಚೀಟಿ ಮೂರು ಸಾವಿರ ದಾಟುತ್ತದೆ, ದಾಟಲಿ. ಅದಕ್ಕೆ ಅಂತ ಡಬ್ಬದಿಂದ ತೆಗೆಯುವುದೂ ಇಲ್ಲ, ಆ ತಿಂಗಳ ಸಂಬಳದಲ್ಲೇ ಹೋಗಬೇಕು. ಡಬ್ಬಕ್ಕೆ ಕೈ ಹಾಕುವ ಅಭ್ಯಾಸ ಒಮ್ಮೆ ಶುರುವಾದರೆ ಮಾರ್ಚ್‌ನಲ್ಲಿ ಮೆಣಸಿನಕಾಯಿಗೆ ದುಡ್ಡಿರುವುದಿಲ್ಲ.

ಇನ್ನು ಕಾಫಿಪುಡಿ. ಕಾಫಿ ಬೆಳೆಯುವ ಚಿಕ್ಕಮಗಳೂರು ಪಕ್ಕದಲ್ಲೇ ಇದ್ದರೂ ನಮಗೇನೂ ರಿಯಾಯಿತಿ ಇಲ್ಲ, ಒಂದು ಎರಡು ವರ್ಷದಲ್ಲಿ ಪುಡಿ ಬೆಲೆ ಸಿಕ್ಕಾಪಟ್ಟೆ ಏರಿದೆ. ನಾವು ತರುವುದು ಎಂಬತ್ತಕ್ಕೆ ಇಪ್ಪತ್ತು, ಅಂದರೆ ಶೇ 20 ಚಿಕೋರಿ. ಅರವತ್ತಕ್ಕೆ ನಲವತ್ತು ಮಾಡಿಸಿದರೆ ವಾರಕ್ಕೆ ಒಂದಿಷ್ಟು ರೂಪಾಯಿ ಉಳಿಯುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ನೈಟ್ ಡ್ಯೂಟಿ ಮುಗಿಸಿ ಬಂದು ಕೂತಿದ್ದ ಹೆಂಡತಿ ಕಾಗದ ನೋಡಲೇ ಇಲ್ಲ. "ರೀ, ಉಳಿದಿದ್ದೆಲ್ಲ ನೀವು ಹೇಳಿದ ಹಂಗೇ ಆಗ್ಲಿ. ಇದೊಂದು ಬಿಟ್ಬಿಡಿ" ಅಂದಳು. ಅಮ್ಮನೂ ಅವಳ ಕಡೆಗೇ. ಚೀಟಿಯಲ್ಲಿ ಎಂಬತ್ತಕ್ಕೆ ಇಪ್ಪತ್ತು, ನೂರು ಗ್ರಾಂ ಪುಡಿ ಅಂತಲೇ ಈ ವಾರವೂ ಬರೆದಿದ್ದೇನೆ.